ಯಾರು ಹೇಳಿದ್ರು ತೊಳಿ ಅಂತ

“ನಿನ್ನ ಮಗನ ಕೇಸಿಗೆ ನೀನಽ ಎಳ್ಳು ನೀರು ಬಿಟ್ಟಿ. ಬ್ಯಾರೆ ವೈರಿ ಬೇಕಾಗಿಲ್ಲ ಅವಗ” ಎಂದರು ಸರಕಾರಿ ವಕೀಲ ಬಾಳಕೃಷ್ಣ. ಕರಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡಿದ್ದರು. ಧಾರವಾಡದ ಮಾಳಮಡ್ಡಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಮಂದಿ ಸಾಕ್ಷಿ ಕಾಯ್ದಿಡ್ತಾರ. ನೀ ಬಕೆಟ್ಟು ತಗೊಂಡು ತೊಳದ ಬಂದೀದಿ. ತಲ್ಯಾಗ ಏನ ತುಂಬಿಕೊಂಡಿದ್ದಿ, ಸಗಣೀನ?”

ದಾನವ್ವ ಹುಬ್ಬಳ್ಳಿ ಕೋರ್ಟಿನ ವರಾಂಡದಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಪಕ್ಕದ ಬೆಂಚು ಖಾಲಿಯೇ ಇತ್ತು, ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ ಅಷ್ಟೆ. ಬೈಗುಳ ಮುಗಿಯುವ ತನಕ ತಲೆ ತಗ್ಗಿಸಿ ಕೂತರಾಯಿತು, ಮುಗಿದ ಮೇಲೆ ಕೆಲಸದ ಮಾತು ಬರುತ್ತದೆ ಎಂಬುದು ಅವಳಿಗೆ ಬದುಕೇ ಕಲಿಸಿದ ಪಾಠ. ಇದು ತನ್ನ ಪರವಾಗಿ ನಿಂತ ವಕೀಲರ ಬೈಗುಳ. ಎದುರಿನವರದು ಊಟದ ನಂತರ ಇತ್ತು.

ಅವಳ ಮಗ ಶಶಿಕುಮಾರ ಗೋಪನಕೊಪ್ಪದ ಅರಳೆ ವ್ಯಾಪಾರಿ ಬಸವಪ್ರಭು ಸಾವ್ಕಾರರ ಮನೆಯ ಡ್ರೈವರ್ ಆಗಿದ್ದ. ದಾನವ್ವ ಅದೇ ಮನೆಯಲ್ಲಿ ಕಸ, ಮುಸುರೆ ಮಾಡುತ್ತಿದ್ದಳು. ಮಗ ಹುಟ್ಟುವುದಕ್ಕೂ ಮುಂಚಿನಿಂದ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಶಶಿಕುಮಾರನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ಕೊಂದವನು ಎಂದು ಪೊಲೀಸರು ಹೆಸರಿಸಿದ್ದು ಸಾವ್ಕಾರರ ಒಬ್ಬನೇ ಮಗ ವಿಶಾಲನನ್ನು. ಆ ವಿಶಾಲ ಜಾಮೀನಿನ ಮೇಲೆ ಹೊರಗಿದ್ದು, ಈ ಹೊತ್ತಿನಲ್ಲಿ ಕೆಳಗಿನ ಕ್ಯಾಂಟೀನಿನಲ್ಲಿ ಗಿರಮಿಟ್ಟು ತಿನ್ನುತ್ತಿದ್ದ.

“ಇನ್ನೊಮ್ಮೆ ಹೇಳ್ತೀನಿ, ಕಿವಿಗೊಟ್ಟು ಕೇಳು” ಎಂದರು ಬಾಳಕೃಷ್ಣ. “ಕೊಲಿ ಕಣ್ಣಿಲೆ ಕಂಡವರು ಯಾರೂ ಇಲ್ಲ. ಕಂಡವರು ಇಲ್ಲದಾಗ ನಾವು ಕೊಂಡಿಗೆ ಕೊಂಡಿ ಕೂಡಿಸಿ ಸರಪಳಿ ಮಾಡಬೇಕಾಗ್ತದ. ಒಂದನೇದು, ವಿಶಾಲ ನಡಸ್ತಿದ್ದ ಕಾರು ಒಬ್ಬ ಮುದುಕನ್ನ ಹೊಡದಿತ್ತು. ‘ಗಾಡಿ ನಾನಽ ನಡಸ್ತಿದ್ದೆ’ ಅಂತ ಒಪ್ಪಿಕೋ ಅಂದ್ರ ನಿನ್ನ ಮಗ ಒಪ್ಪಲಿಲ್ಲ. ಅದು ಹಗಿ, ಕೊಲ್ಲಲಿಕ್ಕೆ ಕಾರಣ. ಎರಡನೇದು, ಆ ಸಂಜಿ ವಿಶಾಲ ಅವನ್ನ ಕರಕೊಂಡು ತಮ್ಮ ಮನಿ ಗೇಟಿನ ಒಳಗ ಹೋದದ್ದು. ಅದನ್ನ ಕಂಡವ ಇಸ್ತ್ರಿ ಗಾಡಿ ಗೌಸಮೊದ್ದೀನ. ಅಷ್ಟು ಸಾಬೀತ ಆಗಿದ್ರ, ಒಳಗ ಹೋದವ ಹೊರಗ ಹ್ಯಾಂಗ ಬಂದಾ ಅಂತ ಅವರು ಉತ್ತರಾ ಕೊಡಬೇಕಾಗಿತ್ತು.”

“ಕೊಡಬೇಕಲ್ರಿ ಮತ್ತ.”

“ಈಗ ಬೇಕಾಗಿಲ್ಲ. ಮುಂಜಾನೆ ಗೌಸಮೊದ್ದೀನ ಕಟಕಟೆಯೊಳಗ ನಿಂತು, ಯಾರನ್ನೂ ನೋಡಿಲ್ಲ, ಇಸ್ತ್ರಿ ಮಾಡ್ಕೋತ ತಲಿ ತಗ್ಗಿಸಿ ನಿಂತಿದ್ದೆ ಅಂದುಬಿಟ್ಟ. ಮೂರನೇದು ಕಾರ್ ಶೆಡ್ಡಿನ್ಯಾಗಿನ ರಕ್ತ. ಡಾಕ್ಟರು, ರೈಲು ಹಾಯೂಕಿಂತ ಮೊದಲಽ ತಲಿ ಒಡದಿತ್ತು ಅಂತಾರ. ಆದ್ರ ಶೆಡ್ಡು ನೀ ಫಿನೈಲ್ ಹಾಕಿ ತೊಳದಿ. ಫರ್ಸಿ ಕಲ್ಲಿನ ಸಂದಿಯೊಳಗ ಸಿಕ್ಕದ್ದು ರಕ್ತ ಹೌದು, ಯಾರದು ಅಂತ ಹೇಳಲಿಕ್ಕೆ ಬರೂದಿಲ್ಲ ಅಂತ ಲ್ಯಾಬಿನವರು ಬರದಾರ. ವಿಶಾಲನ ಕಡಿಯವರು ಬಾಯಿ ತೆಗೀಬೇಕಾಗಿಲ್ಲ, ಸುಮ್ನ ಕೂತ್ರ ಆತು. ಎಲ್ಲಾ ನಾವಽ ತೋರಸಬೇಕು. ಎಲ್ಲ್ಯರೆ ಒಂದು ಕಡೆ ಸಂಶಯ ಉಳೀತಂದ್ರ ಅದು ಅವರ ಪಾಲಿಗೆ.”

“ಸಂಶೇ ಸೈತ ಸಾವ್ಕಾರ್ರ ಪಾಲಿಗೇನ್ರಿ?”

“ಕಾನೂನು ಹಂಗ ಅದ. ಅಲ್ಲಿ ಬಡವ ನಿಂತ್ರೂ ಹಂಗಽ.”

ತನ್ನ ಕೇರಿಯಿಂದ ಜೈಲಿಗೆ ಹೋದ ಹುಡುಗರನ್ನು ದಾನವ್ವ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡಳು. ಅವರ ಪಾಲಿಗೂ ಸಂಶಯ ಬಂದಿತ್ತು. ಪೊಲೀಸರ ಸಂಶಯ. ಇನ್ನೊಂದು ನಮೂನೆಯದು ಆ ಕೇರಿಯ ದಾರಿ ಹಿಡಿದದ್ದನ್ನು ಅವಳು ಕಂಡಿರಲಿಲ್ಲ.

ಬಾಳಕೃಷ್ಣ ಆಚೀಚೆ ನೋಡಿ, ಮೊದಲ ಸಲ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ದನಿ ಇಳಿಯಿತು. “ಊಟಾದ ಮ್ಯಾಲೆ ನಿನ್ನ ಸಾಕ್ಷಿ. ನೀ ತೊಳೀವಾಗ ವಿಶಾಲ ಮಾಳಗಿ ಮ್ಯಾಲೆ ನಿಂತು ನೋಡ್ಲಿಕ್ಕೆ ಹತ್ತಿದ್ದ ಅಂತೀದಿ. ಹೌದಲ್ಲೊ? ನಿಂತಾವ ಏನೂ ಅನ್ನಲಿಲ್ಲೇನು?”

“ಏನೂ ಅನ್ನಲಿಲ್ರಿ.”

“ತೊಳಿ ಅಂತ? ಒಂದು ಮಾತು?”

“ಇಲ್ರಿ.”

“ಪೊಲೀಸರು ಬರಕೊಂಡ ಹೇಳಿಕಿಯೊಳಗ ಯಾರು ಹೇಳಿದ್ರು, ಯಾರು ಹೇಳಿಲ್ಲ ಅನ್ನೂ ಮಾತಽ ಇಲ್ಲ. ಬಾಗಲಾ ತಗದದ. ಅವ ಹೇಳಿ ತೊಳಿಸಿದ್ರ, ರಕ್ತ ಅಳಸಲಿಕ್ಕೆ ಅವಗ ಏನೋ ಕಾರಣ ಇತ್ತು ಅಂತಾಗ್ತದ. ಸರಪಳಿ ಮತ್ತ ಕೂಡ್ತದ. ನೀನಽ ತೊಳದಿ ಅಂದ್ರ ಮುಗೀತು, ಅವ ಇವತ್ತಿಂದಽ ಆರಾಮ ಮಲಗ್ತಾನ.” ಎದ್ದು ಪ್ಯಾಂಟು ಜಾಡಿಸಿಕೊಂಡರು. “ನಾ ಹೇಳಿಕೊಡ್ಲಿಕತ್ತಿಲ್ಲ ಮತ್ತ. ನೆನಪು ಮಾಡ್ಲಿಕತ್ತೀನಿ ಅಷ್ಟೆ.”

ಅವರು ಊಟದ ಡಬ್ಬಿ ಹಿಡಿದು ಹೋದರು. ನೆನಪು ಮಾಡಿಕೊಡುವ ಅಗತ್ಯವೇ ಇರಲಿಲ್ಲ ಅವಳಿಗೆ. ಆ ಮುಂಜಾನೆ ಬಿಟ್ಟು ಬೇರೆ ಏನೂ ಅವಳ ತಲೆಯಲ್ಲಿ ಉಳಿದೇ ಇರಲಿಲ್ಲ.

ಎಂದಿನಂತೆ ಹಿತ್ತಲ ಬಾಗಿಲಿನಿಂದ ಹೋಗಿ, ಬಕೆಟ್ಟು ಕಸಬರಿಗೆ ಹಿಡಿದು ಮುಂದಿನ ಅಂಗಳಕ್ಕೆ ಬಂದಿದ್ದಳು. ಕಾರ್ ಶೆಡ್ಡಿನ ಫರ್ಸಿಯ ಮೇಲೆ ಕಪ್ಪಗೆ ಹೆಪ್ಪುಗಟ್ಟಿದ ಕಲೆ. ಆ ಮನೆಯ ನಾಯಿಗೆ ಹೆಗ್ಗಣ ಹಿಡಿಯುವ ಚಟ. ಹಿಡಿದದ್ದನ್ನು ತಂದು ಶೆಡ್ಡಿನಲ್ಲೇ ಹರಿದು ಹಾಕುತ್ತಿತ್ತು, ಬಳಿಯುವ ಕೆಲಸ ದಾನವ್ವನದು. “ನಿನ್ನ ಹೆಣಾ ಎತ್ಲಿ” ಎಂದು ನಾಯಿಗೆ ಬೈದು ನೀರು ಸುರುವಿದಳು. ಕಲೆ ಬಿಡಲಿಲ್ಲ. ಮೊಣಕಾಲೂರಿ ಕೂತು ಸೋಡಾ ಹಾಕಿ ತಿಕ್ಕಿದಳು, ಫಿನೈಲು ಹಾಕಿ ಮತ್ತೆ ತಿಕ್ಕಿದಳು. ಮನೆಯೊಡತಿ ನಾಗರತ್ನಾ ಪೂಜೆಗೆ ಹೂ ಹರಿಯಲು ಬಂದವರು ನಿಂತು ನೋಡಿದರು, ಬುಟ್ಟಿ ಅರ್ಧ ಇದ್ದಂತೆಯೇ ಒಳಗೆ ಹೋದರು. ಮಾಳಿಗೆಯ ಮೇಲೆ ವಿಶಾಲ ಚಹಾದ ಕಪ್ಪು ಹಿಡಿದು ನಿಂತಿದ್ದ. ಅವಳು ಮುಗಿಸುವ ತನಕವೂ ನಿಂತಿದ್ದ. ಯಾರೂ ಒಂದು ಮಾತು ಅನ್ನಲಿಲ್ಲ. ಫರ್ಸಿ ಸ್ವಚ್ಛವಾಯಿತು, ದಾನವ್ವನಿಗೆ ಕೆಲಸ ಛಲೋ ಆಯಿತು ಎಂಬ ಸಮಾಧಾನವೂ ಆಯಿತು. ಅಷ್ಟರಲ್ಲಿ ಹಳಿಯ ಕಡೆಯಿಂದ ಸುದ್ದಿ ಬಂತು. ಒದ್ದೆ ಕೈಯಲ್ಲೇ ಓಡಿದ್ದಳು.

ತಾನು ತೊಳೆದದ್ದು ಏನು ಎಂಬುದು ತಿಳಿದದ್ದು ಮಣ್ಣು ಮಾಡಿ ಬಂದ ಮೇಲೆ, ಪೊಲೀಸರು ಶೆಡ್ಡಿನಲ್ಲಿ ಫರ್ಸಿ ಕೀಳುವಾಗ. ಅಂದಿನಿಂದ ಅವಳಿಗೆ ತನ್ನ ಕೈ ಕಂಡರೆ ಆಗುತ್ತಿರಲಿಲ್ಲ. ರೊಟ್ಟಿ ತಟ್ಟುವಾಗಲೂ ಬೇರೆ ಕಡೆ ನೋಡುತ್ತಿದ್ದಳು.

“ದಾನವ್ವಕ್ಕ.”

ಗೌಸಮೊದ್ದೀನ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಸಾವ್ಕಾರರ ಮನೆಯ ಕಂಪೌಂಡಿಗೆ ಹತ್ತಿಯೇ ಅವನ ಇಸ್ತ್ರಿ ಗಾಡಿ. ಶಶಿಕುಮಾರನನ್ನು ಸಣ್ಣವನಿದ್ದಾಗಿನಿಂದ ಕಂಡವನು.

“ಬಂದ್ಯಾ, ಭಾಡ್ಯಾ” ಎಂದಳು ದಾನವ್ವ. ದನಿ ಏರಿಸಲಿಲ್ಲ. “ಯಾ ಬಾಯಿಲೆ ಅಕ್ಕ ಅಂತೀಯೋ ಸೂಳಿಮಗನ? ನಿನ್ನ ಗಾಡಿ ಮುಂದ ಚಾ ಕುಡದು ಹ್ವಾದ ಹುಡುಗ ಅಂವ. ನೋಡಿಲ್ಲ ಅಂತೀ? ನಿನ್ನ ಕಣ್ಣಾಗ ಕೆಂಡ ಬೀಳ್ಲಿ.”

“ಬೈ, ಬೇಕಾದಷ್ಟ ಬೈ. ಹಳಿ ಮ್ಯಾಲಿನ ಸುದ್ದಿ ನಿನಗ ತಂದಾಂವ ನಾನಽ, ಇವತ್ತ ಸುಳ್ಳ ಹೇಳಿದಾಂವನೂ ನಾನಽ” ಎಂದ ಅವನು. “ಗಾಡಿ ಅವರ ಗ್ವಾಡಿಗೆ ನಿಂತೈತಿ ಬೇ. ಗಾಡಿ ಹೋದ್ರ ಹೋಗ್ಲಿ ಅಂತಿದ್ದೆ. ಹ್ವಾದ ವಾರ ನಮ್ಮ ಮಗಳು ಹುಮಾ ಕಾಲೇಜಿಗೆ ಹೋಗೂ ದಾರ್ಯಾಗ ಅವರ ಜೀಪು ನಿಂತಿತ್ತು. ಮರುದಿನಾನೂ ನಿಂತಿತ್ತು. ಯಾರೂ ಇಳೀಲಿಲ್ಲ, ಏನೂ ಅನ್ನಲಿಲ್ಲ. ಸುಮ್ನ ನಿಂತಿತ್ತು. ನೀ ಆಗಿದ್ರ ಏನ್ ಮಾಡ್ತಿದ್ದಿ ಹೇಳು.”

ದಾನವ್ವ ಕಾಲು ಮಡಚಿಕೊಂಡು ಅವನಿಗೆ ಬರಲು ದಾರಿ ಬಿಟ್ಟಳು.

“ವಕೀಲರು ಅಂದಿದ್ದು ಕೇಳೇನಿ” ಎಂದು ಅವನು ಹತ್ತಿರ ಬಂದ. “ಹೇಳಿಬಿಡು. ಇವತ್ತ ಅವರ ಸಲುವಾಗಿ ನಾ ಒಂದು ಸುಳ್ಳ ಹೇಳೇನಿ. ನಿನ್ನ ಮಗನ ಸಲುವಾಗಿ ನೀ ಒಂದು ಹೇಳು. ಹಿಸಾಬ್ ಸರಿ ಆಗ್ತೈತಿ. ಕೊಂದಾಂವ ಅಂವನಽ ಅಂತ ನನಗೂ ಗೊತ್ತು ನಿನಗೂ ಗೊತ್ತು. ಅಂದಮ್ಯಾಲ ಅದೆಂಥಾ ಸುಳ್ಳ?”

“ಸುಳ್ಳ ಒಲ್ಲೆ ಅಂದಿದ್ದಕ್ಕಽ ಸತ್ತಾನಲೋ ಅಂವ.”

“ಸತ್ತಾಂವ ಸತ್ತ. ಕೊಂದಾಂವ ಕೆಳಗ ಗಿರಮಿಟ್ ತಿನ್ನಾಕತ್ತಾನ.”

ಅವನು ಹೋದ ಮೇಲೂ ಆ ಮಾತು ಅಲ್ಲೇ ಉಳಿಯಿತು. ದಾನವ್ವ ಅನ್ನಬೇಕಾದದ್ದು ಒಂದೇ ಮಾತು. ‘ತೊಳಿ ದಾನವ್ವ ಅಂದ್ರು.’ ಎರಡು ವರ್ಷದಿಂದ ಅವಳು ಬೇಡಿಕೊಂಡಿದ್ದೂ ಇದನ್ನೇ ಅಲ್ಲವೇ, ಆ ಹುಡುಗನ ಕೈಗೆ ಬೇಡಿ ಬೀಳುವುದನ್ನು ಕಣ್ಣಾರೆ ನೋಡಬೇಕು ಎಂದು. ಹೇಳಿಬಿಡುತ್ತೇನೆ ಎಂದು ತೀರ್ಮಾನ ಮಾಡಿದಳು. ಬಾಯೊಳಗೇ ಒಂದೆರಡು ಸಲ ಅಂದೂ ನೋಡಿದಳು. ಸಲೀಸಾಗಿ ಬಂತು.

ಆಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಬಸವಪ್ರಭು ಸಾವ್ಕಾರರು, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಹಿಂದೆ ವಿಶಾಲ, ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುತ್ತ.

“ಕೂಡು, ಕೂಡು ದಾನಿ” ಎಂದರು ಸಾವ್ಕಾರರು.

ಅವರು ಹಾಗೆ ಅಂದಾಗಲೇ ದಾನವ್ವನಿಗೆ ತಾನು ಎದ್ದು ನಿಂತಿರುವುದು ಗೊತ್ತಾದದ್ದು. ಸೆರಗು ತಲೆಯ ಮೇಲೆ ಬಂದಿತ್ತು. ಚಪ್ಪಲಿ ಕಾಲಿನಿಂದ ಕಳಚಿ ಪಕ್ಕಕ್ಕೆ ಸರಿದಿದ್ದವು.

“ನಿನ್ನ ಮ್ಯಾಲೆ ನಮಗೇನೂ ಸಿಟ್ಟಿಲ್ಲ. ಮಗನ್ನ ಕಳಕೊಂಡಾಕಿ, ಯಾರೋ ಕಿವಿ ಊದ್ಯಾರ. ಮನ್ಯಾಗ ನಿಮ್ಮಕ್ಕಾರು ದಿನಾ ನೆನಸ್ತಾರ, ಎಷ್ಟ ಮಂದೀನ ಇಟಕೊಂಡು ನೋಡಿದ್ರೂ ದಾನೀ ಕೈಯಾಗಿನ ಸ್ವಚ್ಛ ಬರೂದಿಲ್ಲಂತ. ಇವತ್ತ ಇದೊಂದು ಮುಗಿಸು. ನಾಳಿ ಕೆಲಸಕ್ಕ ಬಾ.” ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಕರೆಯುತ್ತಿದ್ದರು. ವಿಶಾಲ ಅವಳ ಕಡೆ ನೋಡದೆ ಒಳಗೆ ಹೋದ.

ದಾನವ್ವ ತನ್ನ ಕಾಲುಗಳನ್ನು ನೋಡಿಕೊಂಡಳು. ನೋಡುತ್ತ ನೋಡುತ್ತ ಅವಳಿಗೆ ಮೈ ಉರಿಯಿತು. ಸಾವ್ಕಾರರ ಮೇಲಲ್ಲ, ಆ ಕಾಲುಗಳ ಮೇಲೆ. ಒಳಗಿನಿಂದ ಅವಳ ಹೆಸರು ಕೂಗಿದರು.

ಕಟಕಟೆ ಎದೆ ಮಟ್ಟದವರೆಗೆ ಇತ್ತು. ದೇವರ ಮೇಲೆ ಆಣೆ ಮಾಡಿಸಿದರು. ಜಡ್ಜ್ ಸಾಹೇಬರು ಮೇಲೆ, ಅವರ ಕೆಳಗೆ ಕಂಪ್ಯೂಟರಿನ ಮುಂದೆ ಟೈಪು ಮಾಡುವ ಹೆಣ್ಣುಮಗಳು. ಆರೋಪಿಯ ವಕೀಲರಾದ ಸುಶ್ರುತ ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದರು, ಅವರ ಹಿಂದೆ ವಿಶಾಲ ಕೈಕಟ್ಟಿ ನಿಂತಿದ್ದ. ಬಾಳಕೃಷ್ಣ ಒಂದೊಂದಾಗಿ ಕೇಳಿದರು: ಮಗನೇ ಹೌದಾ, ಆ ಮನೆಯಲ್ಲೇ ಕೆಲಸವಾ, ಆ ಮುಂಜಾನೆ ಶೆಡ್ಡಿನಲ್ಲಿ ಕಲೆ ಇತ್ತಾ. ಹೌದ್ರಿ, ಹೌದ್ರಿ, ಇತ್ರಿ. ಆಮೇಲೆ ಕನ್ನಡಕ ತೆಗೆದು ಅವಳ ಮುಖವನ್ನೇ ನೋಡುತ್ತ ಕೇಳಿದರು.

“ತೊಳಿ ಅಂತ ನಿನಗ ಯಾರು ಹೇಳಿದ್ರು?”

ದಾನವ್ವ ವಿಶಾಲನ ಕಡೆ ತಿರುಗಿದಳು. ಬೆರಳು ಎತ್ತಿಯೂ ಆಯಿತು. ಸುಶ್ರುತ ವಕೀಲರು ಕುರ್ಚಿಯಿಂದ ಅರ್ಧ ಎದ್ದರು. ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ‘ಗಾಡಿ ನಾನಽ ನಡಸ್ತಿದ್ದೆ ಅಂತ ಅನ್ನೂದಿಲ್ಲ ಬೇ, ಏನರೆ ಆಗ್ಲಿ’ ಎಂದು ಮಗ ಒಲೆಯ ಮುಂದೆ ಕೂತು ಅಂದದ್ದು ಅದರ ಹಿಂದೆಯೇ ಬಂದು ನಿಂತಿತು. ಬೆರಳು ಇಳಿಯಿತು.

“ಯಾರೂ ಹೇಳಿಲ್ರಿ.”

ಬಾಳಕೃಷ್ಣ ಪೆನ್ನಿಗೆ ಟೊಪ್ಪಿಗೆ ಹಾಕಿದರು. ಸುಶ್ರುತ ಕೂತರು. ಆದರೆ ದಾನವ್ವನ ಮಾತು ಮುಗಿದಿರಲಿಲ್ಲ.

“ಯಾರೂ ಹೇಳೂದಿಲ್ರಿ ಸಾಹೇಬ್ರ. ಆ ಮನ್ಯಾಗ ಕಾಲಿಟ್ಟ ಹೊಸದಾಗ ಹೇಳಿದ್ರು. ಹಿತ್ಲ ಬಾಗಲಲೆ ಬಾ, ಇದನ್ನ ಮುಟ್ಟಬ್ಯಾಡ, ಅಲ್ಲಿ ಕೂಡಬ್ಯಾಡ, ಹೊಲಸ ಕಂಡ್ರ ಕೇಳಕೋತ ನಿಂದ್ರಬ್ಯಾಡ. ಆಮ್ಯಾಲೆ ಹೇಳೂ ಗರಜ ಬೀಳಲಿಲ್ಲ. ಈಗ ಹೊರಗ ಸಾವ್ಕಾರ್ರು ಬಂದ್ರು. ನನ್ನ ಮಗನ್ನ ಕೊಂದ ಮನಿಯವ್ರು. ನಾ ಎದ್ದ ನಿಂತೆ. ಯಾರು ಹೇಳಿದ್ರು ಏಳು ಅಂತ? ನಾ ತಿಕ್ಕಾಕತ್ತಿದ್ದೆ, ಈ ಸಣ್ಣ ಸಾವ್ಕಾರ್ರು ಮ್ಯಾಲೆ ನಿಂತು ಚಾ ಕುಡಕೋತ ನೋಡಿದ್ರು. ಅದು ಏನು, ಯಾರದು ಅಂತ ಅವರಿಗೆ ಗೊತ್ತಿತ್ತು. ನನಗ ಗೊತ್ತಿರಲಿಲ್ಲ. ಬ್ಯಾಡ ಬಿಡು ಅಂತ ಒಂದ ಮಾತು ಅಂದಿದ್ರ ಬಿಡ್ತಿದ್ದೆ. ಅನ್ನಲಿಲ್ಲ. ಹಂಗಂದ್ರ ತೊಳಿ ಅಂದಂಗ ಅಲ್ಲೇನ್ರಿ?”

“ಇದು ಸಾಕ್ಷಿ ಅಲ್ಲ ಸ್ವಾಮಿ, ಭಾಷಣ” ಎಂದರು ಸುಶ್ರುತ, ಕೂತಲ್ಲಿಂದಲೇ.

“ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮಾ” ಎಂದರು ಜಡ್ಜ್ ಸಾಹೇಬರು. ಕೆಟ್ಟ ಮನುಷ್ಯರಲ್ಲ, ಬೆಳಗಿನಿಂದ ಕೇಳಿ ಕೇಳಿ ದಣಿದಿದ್ದರು. ಟೈಪಿನ ಹೆಣ್ಣುಮಗಳ ಕಡೆ ಬಾಗಿ ಹೇಳಿ ಬರೆಸಿದರು. “ನನಗೆ ತೊಳೆಯಲು ಯಾರೂ ಹೇಳಿರಲಿಲ್ಲ. ನಾನಾಗಿಯೇ ತೊಳೆದೆ.”

ಕೀಲಿಗಳು ಟಕಟಕ ಅಂದವು, ನಿಂತವು. ಇಷ್ಟೇ ಸಾಕಾಯಿತು. ಸುಶ್ರುತ ಎದ್ದು, ಅಂಗಿಯ ತೋಳು ಸರಿ ಮಾಡಿಕೊಂಡು, “ನಮ್ಮದೇನೂ ಪ್ರಶ್ನೆ ಇಲ್ಲ” ಎಂದು ಮತ್ತೆ ಕೂತರು. ಅವಳನ್ನು ಹರಿದು ತಿನ್ನಲು ತಯಾರಾಗಿ ಬಂದಿದ್ದವರಿಗೆ ಈಗ ಅದರ ಅಗತ್ಯ ಇರಲಿಲ್ಲ. ವಿಶಾಲ ಕಟ್ಟಿದ ಕೈ ಬಿಟ್ಟು ಮೈ ಸಡಿಲ ಮಾಡಿ ನಿಂತ.

“ಸಣ್ಣ ಸಾವ್ಕಾರ್ರ” ಎಂದಳು ದಾನವ್ವ ಅವನಿಗೆ. “ನೀವಽ ಹೇಳ್ರಿ. ನಿಮ್ಮ ಗೇಟಿನ ಒಳಗ ನಡಕೋತ ಬಂದಾಂವ ಹಳಿ ಮ್ಯಾಲೆ ಹ್ಯಾಂಗ ಹ್ವಾದಾ?”

“ಆರೋಪಿಯನ್ನು ಮಾತಾಡಿಸಬಾರದು. ಅವನು ಏನೂ ಹೇಳಬೇಕಾಗಿಲ್ಲ” ಎಂದರು ಜಡ್ಜ್ ಸಾಹೇಬರು.

“ಅಂವ ಹೇಳಬೇಕಾಗಿಲ್ಲ. ನಾ ಹೇಳಿದ್ದು ನೀವು ಬರ್ಕೊಳ್ಳೂದಿಲ್ಲ.”

ಯಾರೋ ಹಿಂದೆ ನಕ್ಕರು. ಗುಮಾಸ್ತ ಮುದ್ರಿಸಿದ ಹಾಳೆಯನ್ನೂ ಮಸಿಯ ಡಬ್ಬಿಯನ್ನೂ ತಂದು ಕಟಕಟೆಯ ಅಂಚಿಗೆ ಇಟ್ಟ. “ಹೆಬ್ಬಟ್ಟು ಒತ್ತು, ಲಗೂ. ಮುಂದಿನ ಕೇಸಿನವರು ಕಾಯಾಕತ್ತಾರ.”

“ಓದ್ರಿ ಮದ್ಲ.”

ಗುಮಾಸ್ತ ಮುಖ ಗಂಟಿಕ್ಕಿ ಗಡಗಡ ಓದಿದ. ನಾನಾಗಿಯೇ ತೊಳೆದೆ ಎಂಬಲ್ಲಿಗೆ ನಿಲ್ಲಿಸಿದ.

“ಉಳದದ್ದು ಎಲ್ಲೈತಿ?”

“ಯಾವ ಉಳದದ್ದು?”

“ಮ್ಯಾಲೆ ನಿಂತು ನೋಡಿದ್ದು. ಬ್ಯಾಡ ಅನ್ನದಽ ಇದ್ದದ್ದು. ಸಾವ್ಕಾರ್ರು ಬಂದಾಗ ನಾ ಎದ್ದದ್ದು. ಬರೀರಿ. ಬರಿಯೂ ತನಕ ಒತ್ತೂದಿಲ್ಲ.”

“ಒತ್ತವಾ, ಒತ್ತಿ ಇಳಿದು ಬಾ” ಎಂದರು ಬಾಳಕೃಷ್ಣ. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಬೇಸರವಿತ್ತು. “ಬರದ್ರೂ ಅದರಿಂದ ಏನೂ ಸಾಬೀತ ಆಗೂದಿಲ್ಲ.”

“ಆಗದಿದ್ರ ಬರಿಯಾಕ ಯಾಕ ಅಂಜ್ತೀರಿ?”

ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಕೋರ್ಟಿನ ಕೆಲಸಕ್ಕೆ ಅಡ್ಡಿ ಮಾಡಿದರೆ ಒಳಗೆ ಹಾಕಬೇಕಾಗುತ್ತದೆ ಎಂದು ತಿಳಿಸಿ ಹೇಳಿದರು. ಹಾಕ್ರಿ ಎಂದಳು ದಾನವ್ವ, ಅದರಲ್ಲಿ ಧಿಮಾಕು ಏನೂ ಇರಲಿಲ್ಲ. ನಾಳೆ ಗೋಪನಕೊಪ್ಪದ ಹಿತ್ತಲ ಬಾಗಿಲಿಗೆ ಹೋಗುವುದಕ್ಕಿಂತ ಅದು ಅವಳಿಗೆ ಹಗುರಾಗಿ ಕಂಡಿತು. ಮಹಿಳಾ ಪೇದೆಯೊಬ್ಬಳು ಕಟಕಟೆ ಹತ್ತಿ ಅವಳ ರಟ್ಟೆ ಹಿಡಿದಳು. “ಏ ಮುದಿಕಿ, ನಾಟಕ ಮಾಡಬ್ಯಾಡ, ಬಾ” ಎಂದು ಮುಂಗೈ ಎಳೆದು ಮಸಿಯ ಡಬ್ಬಿಯ ಕಡೆ ತಂದಳು.

ದಾನವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು ಮುಚ್ಚಿದಳು. ಪೇದೆ ಕಿರುಬೆರಳು ಬಿಡಿಸಿದಳು, ಅದರ ಪಕ್ಕದ್ದು ಬಿಡಿಸಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲಿನವು ಮುಚ್ಚಿರುತ್ತಿದ್ದವು. ಗುಮಾಸ್ತನೂ ಬಂದು ಕೈ ಹಚ್ಚಿದ. ಡಬ್ಬಿ ಮಗುಚಿ ಮಸಿ ಹಾಳೆಯ ಮೇಲೆ ಹರಿಯಿತು. ಸಾವ್ಕಾರರು ಹಿಂದಿನ ಸಾಲಿನಲ್ಲಿ ಎದ್ದು ನಿಂತು, “ದಾನಿ, ಸಾಕು ಮಾಡು” ಎಂದರು. ಆ ದನಿಗೆ ಅವಳ ಇನ್ನೊಂದು ಕೈ ತಾನಾಗಿಯೇ ಸೆರಗಿನ ಕಡೆ ಹೋಯಿತು. ಮುಷ್ಟಿ ಬಿಚ್ಚಲಿಲ್ಲ.

“ಬರ್ಕೋ ಯವ್ವಾ” ಎಂದಳು ಟೈಪು ಮಾಡುವವಳಿಗೆ. ಅವಳನ್ನು ಇಬ್ಬರು ಎಳೆಯುತ್ತಿದ್ದುದರಿಂದ ಮಾತು ತುಂಡು ತುಂಡಾಗಿ ಬರುತ್ತಿತ್ತು. “ಯಾರೂ ಹೇಳಿಲ್ಲ ಅಂತ ಬರದಿ, ಖರೇ ಐತಿ. ಅದರ ಮುಂದ ಬರ್ಕೋ. ಆ ಮನ್ಯಾಗ ಕಾಲಿಟ್ಟ ಹೊಸದಾಗ ಹೇಳಿದ್ರು...”

ಟೈಪಿನ ಹೆಣ್ಣುಮಗಳು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಮೇಲೆ ಕೂತವರ ಮುಖ ನೋಡಿದಳು. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. ಮುಂದಿನ ಕೇಸಿನವರನ್ನು ಕೂಗಿ ಆಗಿತ್ತು. ಕಟಕಟೆ ಖಾಲಿ ಇರಲಿಲ್ಲ.